ಗುರು ಗ್ರಹದೊಳಗೆ ಗೆರೆಗಳಿಲ್ಲ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸ್. ಗುರು, ಶನಿ ಅನಿಲದಿಂದಾದ ಗ್ರಹಗಳು ಅಂತ ಅವಳ ಪುಸ್ತಕದಲ್ಲಿದೆ. ಬರೀ ಅನಿಲ ಆದರೆ ರಾಕೆಟ್ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬರಬಹುದಲ್ವಾ ಅಂತ ಕೇಳುತ್ತಾಳೆ. ಒಳಗೆ ಎಲ್ಲಾದರೂ ನೆಲ ಇದೆಯಾ? ಅಷ್ಟೊಂದು ಹೈಡ್ರೋಜನ್ ಇದ್ದೂ ಬೆಂಕಿ ಯಾಕೆ ಹತ್ತಿಕೊಳ್ಳಲ್ಲ? ಗುರು ಇನ್ನು ಸ್ವಲ್ಪ ದೊಡ್ಡದಿದ್ದರೆ ಅದೂ ಸೂರ್ಯ ಆಗುತ್ತಿತ್ತು ಅನ್ನುತ್ತಾರೆ, ನಿಜವಾ?

ಉತ್ತರ: ರಾಕೆಟ್ ಆಚೆ ಬರಲಾರದು. ಆದರೆ ಅದನ್ನು ತಡೆಯಲು ಒಳಗೆ ನೆಲವೂ ಇಲ್ಲ. ಈ ಎರಡೂ ಒಟ್ಟಿಗೆ ಹೇಗೆ ನಿಜ ಅನ್ನುವುದನ್ನು ಬಿಡಿಸಿ ಹೇಳಿದರೆ ನಿಮ್ಮ ಮಗಳ ಬಾಕಿ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ. ಹೆಚ್ಚಾಗಿ ಗುರುವಿನ ಬಗ್ಗೆಯೇ ಹೇಳುತ್ತೇನೆ. ಈ ಜಾತಿಯ ಗ್ರಹಗಳಲ್ಲಿ ನಾವು ತುಂಬಾ ಚೆನ್ನಾಗಿ ಅಳೆದು ನೋಡಿರುವುದು ಅದನ್ನೇ.

ಶಾಲೆಯ ಪುಸ್ತಕಗಳಲ್ಲಿ ಗುರುವನ್ನು ಸೀಳಿ ತೋರಿಸುವ ಒಂದು ಚಿತ್ರ ಇರುತ್ತದೆ. ಹೊರಗೆ ಅನಿಲ, ಅದರ ಕೆಳಗೆ ದ್ರವ, ಅದರ ಕೆಳಗೆ ಲೋಹದ ಗುಣ ಇರುವ ಹೈಡ್ರೋಜನ್, ನಟ್ಟನಡುವೆ ಕಲ್ಲಿನ ಉಂಡೆ. ಒಂದೊಂದಕ್ಕೂ ಬೇರೆ ಬಣ್ಣ, ನಡುವೆ ಚೂಪಾದ ಗೆರೆ. ಆ ಚಿತ್ರದಲ್ಲಿ ಬರೆದಿರುವ ಹೆಸರುಗಳು ಹೆಚ್ಚುಕಡಿಮೆ ಸರಿಯೇ. ಗೆರೆಗಳು ಮಾತ್ರ ಸರಿಯಿಲ್ಲ. ಗುರು ಯಾವುದರಿಂದ ಆಗಿದೆ ಅನ್ನುವುದಕ್ಕಿಂತ, ಅದರೊಳಗೆ ಒಂದು ವಸ್ತು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದು ಅನ್ನುವುದೇ ನನಗೆ ಈ ಗ್ರಹದ ದೊಡ್ಡ ವಿಷಯ ಅನ್ನಿಸುತ್ತದೆ.

ಮೊದಲು, ಅದು ಹೈಡ್ರೋಜನ್ ಅಂತ ಗೊತ್ತಾದದ್ದು ಹೇಗೆ? ಅಲ್ಲಿಗೆ ಯಾರೂ ಹೋಗುವ ಮೊದಲೇ ಗೊತ್ತಾಗಿತ್ತು. ಗುರುವಿನ ಚಂದ್ರರು ಎಷ್ಟು ದೂರದಲ್ಲಿ, ಎಷ್ಟು ಹೊತ್ತಿಗೆ ಒಂದು ಸುತ್ತು ಬರುತ್ತಾರೆ ಎಂದು ನೋಡಿದರೆ ಗುರುವಿನ ತೂಕ ಲೆಕ್ಕಕ್ಕೆ ಸಿಗುತ್ತದೆ. ಅದು ಭೂಮಿಯ 318 ಪಟ್ಟು. ಅಗಲ ದೂರದರ್ಶಕದಲ್ಲೇ ಕಾಣುತ್ತದೆ, ಭೂಮಿಯ 11 ಪಟ್ಟು. ಎರಡನ್ನೂ ಸೇರಿಸಿದರೆ ಸರಾಸರಿ ಸಾಂದ್ರತೆ ನೀರಿನ 1.33 ಪಟ್ಟು ಅಂತ ಬರುತ್ತದೆ. ಭೂಮಿಯದು 5.5. ಈ ಒಂದು ಸಂಖ್ಯೆಯೇ ಬಹಳ ಹೇಳುತ್ತದೆ. 318 ಭೂಮಿಗಳಷ್ಟು ಕಲ್ಲನ್ನು ಒಂದೆಡೆ ಗುಡ್ಡೆ ಹಾಕಿದರೆ ತನ್ನದೇ ಭಾರಕ್ಕೆ ಅದು ಕುಗ್ಗಿ ಭೂಮಿಗಿಂತಲೂ ಜಾಸ್ತಿ ಬಿಗಿಯಾಗುತ್ತಿತ್ತು. ನೀರಿನಿಂದ ಮಾಡಿದ್ದರೂ ಅಷ್ಟು ಒತ್ತಡದಲ್ಲಿ ಸಾಂದ್ರತೆ 1.33ರಲ್ಲಿ ನಿಲ್ಲುತ್ತಿರಲಿಲ್ಲ. ಅಷ್ಟು ಹಿಂಡಿದ ಮೇಲೂ ಇಷ್ಟು ಹಗುರ ಇರಬೇಕಾದರೆ ಅದು ಎಲ್ಲಕ್ಕಿಂತ ಹಗುರವಾದ ವಸ್ತುವೇ ಆಗಿರಬೇಕು. ಅಂದರೆ ಹೈಡ್ರೋಜನ್, ಜೊತೆಗೆ ಹೀಲಿಯಂ.

ಸೂರ್ಯನಲ್ಲೂ ಹೆಚ್ಚಾಗಿ ಇರುವುದು ಇವೆರಡೇ. ಆ ಸಂಗತಿ ಬಯಲಾದ ಕಥೆಯಲ್ಲಿ ನಮ್ಮವರೊಬ್ಬರ ಕೈಯೂ ಇದೆ. 1920ರಲ್ಲಿ ಮೇಘನಾದ ಸಹಾ ಅವರು, ಬಿಸಿ ಅನಿಲದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂದು ಹೇಳುವ ಸಮೀಕರಣ ಕೊಟ್ಟರು. ಅದನ್ನು ಬಳಸಿ 1925ರಲ್ಲಿ ಸಿಸಿಲಿಯಾ ಪೇನ್ ನಕ್ಷತ್ರಗಳ ಬೆಳಕಿನ ಲೆಕ್ಕ ಮಾಡಿದಾಗ, ಅವುಗಳಲ್ಲಿ ಬಹುಪಾಲು ಹೈಡ್ರೋಜನ್ ಎಂದು ಬಂತು. ಆ ಕಾಲದ ಹಿರಿಯರು ಒಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಒಪ್ಪಲೇಬೇಕಾಯಿತು. 1932ರಲ್ಲಿ ರೂಪರ್ಟ್ ವಿಲ್ಟ್ ಗುರುವಿನ ಬೆಳಕಿನಲ್ಲಿ ಮೀಥೇನ್ ಮತ್ತು ಅಮೋನಿಯದ ಗುರುತು ಹಿಡಿದರು. ಮೀಥೇನ್ ಅಂದರೆ ಹೈಡ್ರೋಜನ್ ಜೊತೆ ಸೇರಿದ ಇಂಗಾಲ. ಅಮೋನಿಯ ಅಂದರೆ ಹೈಡ್ರೋಜನ್ ಜೊತೆ ಸೇರಿದ ಸಾರಜನಕ. ಸುತ್ತ ಹೈಡ್ರೋಜನ್ ತುಂಬಿ ತುಳುಕುವ ಕಡೆ ಮಾತ್ರ ಇಂಗಾಲವೂ ಸಾರಜನಕವೂ ಹೀಗೆ ಅದರ ಜೊತೆಗೇ ಕಟ್ಟಿಕೊಂಡಿರುತ್ತವೆ. ಹೀಲಿಯಂ ಮಾತ್ರ ಬಹಳ ದಿನ ಕೈಗೆ ಸಿಗಲಿಲ್ಲ. ಅಂಥ ಚಳಿಯಲ್ಲಿ ಅದು ನಮ್ಮ ಕಣ್ಣಿಗೆ ಬೀಳುವ ಯಾವ ಗುರುತನ್ನೂ ಬೆಳಕಿನಲ್ಲಿ ಬಿಡುವುದಿಲ್ಲ. 1973ರಲ್ಲಿ ಪಯೋನಿಯರ್ 10 ನೌಕೆ ಹತ್ತಿರ ಹೋದಾಗ ಅದರ ಸುಳಿವು ಸಿಕ್ಕಿತು.

ನಿಜವಾಗಿ ಒಳಗೆ ಇಳಿದು ನೋಡಿದ್ದು ಒಂದೇ ಒಂದು ಸಲ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯಿಂದ ಬೇರ್ಪಟ್ಟಿದ್ದ ಒಂದು ಸಣ್ಣ ಶೋಧಕ ಗುರುವಿನ ವಾತಾವರಣಕ್ಕೆ ನುಗ್ಗಿತು. ವೇಗ ಸೆಕೆಂಡಿಗೆ ಸುಮಾರು 47 ಕಿಲೋಮೀಟರ್. ಅದರ ಶಾಖರಕ್ಷಕ ಕವಚದ ಅರ್ಧಕ್ಕಿಂತ ಹೆಚ್ಚು ಭಾಗ ಉರಿದು ಹೋಯಿತು. ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು ನಿಧಾನವಾಗಿ ಇಳಿಯುತ್ತಾ, ಸುಮಾರು 58 ನಿಮಿಷ ಅಳತೆಗಳನ್ನು ಕಳಿಸಿತು. ಕೊನೆಯ ಸಂದೇಶ ಬಂದಾಗ ಸುತ್ತಲಿನ ಒತ್ತಡ ನಮ್ಮ ಗಾಳಿಯ 22 ಪಟ್ಟು ದಾಟಿತ್ತು, ಬಿಸಿ 150 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಕೇಂದ್ರಕ್ಕೆ ಹೋಗಬೇಕಾದರೆ 70,000 ಕಿಲೋಮೀಟರ್ ಇಳಿಯಬೇಕು. ಶೋಧಕ ಇಳಿದದ್ದು ಕೆಲವು ನೂರು ಕಿಲೋಮೀಟರ್‌ಗಿಂತಲೂ ಕಡಿಮೆ. ಆದರೂ ಆ ಒಂದು ಗಂಟೆಯಷ್ಟು ಬೆಲೆಬಾಳುವ ಒಂದು ಗಂಟೆ ಗ್ರಹಗಳ ಅಧ್ಯಯನದಲ್ಲಿ ಕಡಿಮೆ ಎಂದೇ ನಾನು ಹೇಳುತ್ತೇನೆ.

ಅದು ಕೊಟ್ಟ ಲೆಕ್ಕ ಹೀಗಿದೆ. ಅಲ್ಲಿನ ಗಾಳಿಯ ನೂರು ಕಣಗಳಲ್ಲಿ ಸುಮಾರು 86 ಹೈಡ್ರೋಜನ್, 13ಕ್ಕಿಂತ ಸ್ವಲ್ಪ ಹೆಚ್ಚು ಹೀಲಿಯಂ. ತೂಕದಲ್ಲಿ ನೋಡಿದರೆ ಮುಕ್ಕಾಲು ಪಾಲು ಹೈಡ್ರೋಜನ್, ಹೆಚ್ಚುಕಡಿಮೆ ಕಾಲು ಪಾಲು ಹೀಲಿಯಂ. ಉಳಿದದ್ದೆಲ್ಲಾ, ಅಂದರೆ ಮೀಥೇನ್, ಅಮೋನಿಯ, ನೀರಿನ ಆವಿ, ಗಂಧಕದ ಅನಿಲ, ಸೇರಿ ಆ ಚಿಟಿಕೆಯಷ್ಟು ಜಾಗದಲ್ಲಿ. ನಮಗೆ ಕಾಣುವ ಗುರು ಆ ಚಿಟಿಕೆಯದ್ದೇ. ಹೈಡ್ರೋಜನ್‌ಗೂ ಹೀಲಿಯಂಗೂ ಬಣ್ಣ ಇಲ್ಲ. ಬಿಳಿ ಪಟ್ಟೆಗಳು ಅಮೋನಿಯ ಹೆಪ್ಪುಗಟ್ಟಿದ ಮೋಡಗಳು. ಅವುಗಳ ಕೆಳಗೆ ಅಮೋನಿಯ ಮತ್ತು ಗಂಧಕ ಸೇರಿದ ಮೋಡಗಳು, ಅದಕ್ಕೂ ಕೆಳಗೆ ನೀರಿನ ಮೋಡಗಳು. ಒಟ್ಟು ಮೋಡಗಳ ದಪ್ಪ ನೂರು ಕಿಲೋಮೀಟರ್ ಕೂಡ ಇಲ್ಲ.

ನೀರಿನ ವಿಷಯದಲ್ಲಿ ಶೋಧಕ ಎಲ್ಲರನ್ನೂ ಗೊಂದಲಕ್ಕೆ ಹಾಕಿತು. ಅಂದಾಜು ಮಾಡಿದ್ದಕ್ಕಿಂತ ನೀರು ತೀರಾ ಕಡಿಮೆ ಕಂಡಿತು. ಶೋಧಕ ಬಿದ್ದದ್ದು ಮೋಡ ಚದುರಿದ, ಒಣ ಗಾಳಿ ಕೆಳಗೆ ಇಳಿಯುವ ಒಂದು ಜಾಗದಲ್ಲಿ ಅಂತ ಆಮೇಲೆ ತಿಳಿಯಿತು. ಪೂರಾ ಭೂಮಿಯನ್ನು ತಿಳಿಯಲು ಹೊರಟವರು ಮರುಭೂಮಿಯಲ್ಲಿ ಮಾತ್ರ ಇಳಿದಿದ್ದರೆ ಏನಾಗುತ್ತಿತ್ತೋ ಹಾಗೆ. 2016ರಲ್ಲಿ ಗುರುವನ್ನು ಸುತ್ತತೊಡಗಿದ ಜೂನೋ ನೌಕೆ ಮೋಡಗಳ ಕೆಳಗಿನಿಂದ ಬರುವ ಮೈಕ್ರೋವೇವ್‌ಗಳನ್ನು ಅಳೆದ ಮೇಲೆ, 2020ರಲ್ಲಿ ಸಮಭಾಜಕದ ಹತ್ತಿರದ ಲೆಕ್ಕ ಹೊರಬಂತು. ಅಲ್ಲಿ ನಾನೂರು ಅಣುಗಳಲ್ಲಿ ಒಂದು, ಅಂದರೆ ಶೇಕಡ 0.25, ನೀರು. ಸೂರ್ಯನ ಪ್ರಮಾಣಕ್ಕೆ ಹೋಲಿಸಿದರೆ ಅದು ಸುಮಾರು ಮೂರು ಪಟ್ಟು.

ಶೋಧಕ ಕಂಡುಹಿಡಿದ ಇನ್ನೊಂದು ಸಂಗತಿ ನನಗೆ ಇನ್ನೂ ಹೆಚ್ಚು ಇಷ್ಟ. ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಅನಿಲಗಳು ಗುರುವಿನಲ್ಲಿ ಸೂರ್ಯನಲ್ಲಿರುವುದಕ್ಕಿಂತ ಎರಡು-ಮೂರು ಪಟ್ಟು ಹೆಚ್ಚಿವೆ. ನಿಯಾನ್ ಮಾತ್ರ ಹತ್ತನೇ ಒಂದು ಭಾಗಕ್ಕೆ ಇಳಿದಿದೆ. ಹೀಲಿಯಂ ಕೂಡ ಇರಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆ. ಈ ಎರಡು ಎಲ್ಲಿ ಹೋದವು? ಅದಕ್ಕೆ ಉತ್ತರ ಆಳದಲ್ಲಿದೆ. ಆದ್ದರಿಂದ ನಿಮ್ಮ ಮಗಳ ರಾಕೆಟ್ಟಿನ ಜೊತೆ ನಾವೂ ಇಳಿಯೋಣ.

ಮೋಡಗಳ ಮೇಲ್ಭಾಗದಲ್ಲಿ, ಒತ್ತಡ ನಮ್ಮೂರಿನಷ್ಟೇ ಇರುವ ಮಟ್ಟದಲ್ಲಿ, ಚಳಿ ಮೈನಸ್ 108 ಡಿಗ್ರಿ. ಗ್ರಹಕ್ಕೆ ಒಂದು ಅಂಚು ಬೇಕಲ್ಲಾ ಅಂತ ವಿಜ್ಞಾನಿಗಳು ಈ ಮಟ್ಟವನ್ನೇ ‘ಮೇಲ್ಮೈ’ ಎಂದು ಇಟ್ಟುಕೊಂಡಿದ್ದಾರೆ. ಅಲ್ಲಿ ಕಾಲಿಡಲು ಏನೂ ಇಲ್ಲ. ಇಳಿಯುತ್ತಾ ಹೋದರೆ ಮೋಡ ಮುಗಿಯುತ್ತದೆ, ಬೆಳಕು ಮುಗಿಯುತ್ತದೆ, ಬಿಸಿ ಮತ್ತು ಒತ್ತಡ ಏರುತ್ತಲೇ ಇರುತ್ತವೆ. ಶೋಧಕ ಸುಮ್ಮನಾದ ಮೇಲೆ ಅದರ ಲೋಹದ ಮೈ ಕರಗಿ, ಆಮೇಲೆ ಆವಿಯಾಗಿ, ಗುರುವಿನ ಹೈಡ್ರೋಜನ್‌ನೊಳಗೇ ಬೆರೆತಿರುತ್ತದೆ. ರಾಕೆಟ್ಟಿನ ಕಥೆಯೂ ಇದೇ. ಅದು ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲ. ಸುತ್ತಲಿನ ಬಿಸಿಯೂ ಒತ್ತಡವೂ ಅದನ್ನು ಎಲ್ಲ ಕಡೆಯಿಂದಲೂ ಹಿಂಡಿ, ಕುದಿಸಿ, ಕರಗಿಸಿಬಿಡುತ್ತವೆ.

ಹಾಗಾದರೆ ಅನಿಲ ಮುಗಿದು ದ್ರವದ ಸಮುದ್ರ ಶುರುವಾಗುವ ಜಾಗ ಯಾವುದು? ಅಂಥ ಜಾಗ ಇಲ್ಲ. ಪ್ರತಿಯೊಂದು ಅನಿಲಕ್ಕೂ ಒಂದು ಉಷ್ಣತೆಯ ಮಿತಿ ಇದೆ. ಅದಕ್ಕಿಂತ ಬಿಸಿ ಇದ್ದರೆ ಎಷ್ಟೇ ಒತ್ತಿದರೂ ಅದು ಒಮ್ಮೆಗೇ ದ್ರವವಾಗಿ ಕೆಳಗೆ ನಿಲ್ಲುವುದಿಲ್ಲ. ಸುಮ್ನೆ ಹೆಚ್ಚು ಹೆಚ್ಚು ದಟ್ಟವಾಗುತ್ತಾ ಹೋಗುತ್ತದೆ. ಹೈಡ್ರೋಜನ್‌ಗೆ ಆ ಮಿತಿ ಮೈನಸ್ 240 ಡಿಗ್ರಿ. ಗುರುವಿನಲ್ಲಿ ಎಲ್ಲೂ ಅಷ್ಟು ಚಳಿ ಇಲ್ಲ. ಆದ್ದರಿಂದ ಮೇಲೆ ಗಾಳಿಯ ಹಾಗಿದ್ದ ಹೈಡ್ರೋಜನ್, ಸಾವಿರಾರು ಕಿಲೋಮೀಟರ್ ಕೆಳಗೆ ದ್ರವದ ಹಾಗೆ ಇರುತ್ತದೆ. ನಡುವೆ ಅಲೆ ಏಳುವ ನೀರ್ಮಟ್ಟ ಇಲ್ಲ. ಪುಸ್ತಕದ ಚಿತ್ರದ ಮೊದಲ ಗೆರೆ ಇಲ್ಲಿ ಅಳಿಸಿತು.

ಎರಡನೇ ಗೆರೆಯ ಕಥೆ 1935ರಲ್ಲಿ ಶುರುವಾಗುತ್ತದೆ. ಯೂಜೀನ್ ವಿಗ್ನರ್ ಮತ್ತು ಹಿಲರ್ಡ್ ಹಂಟಿಂಗ್ಟನ್ ಎಂಬ ಭೌತವಿಜ್ಞಾನಿಗಳು, ಸಾಕಷ್ಟು ಒತ್ತಿದರೆ ಹೈಡ್ರೋಜನ್ ಲೋಹದ ಹಾಗೆ ವರ್ತಿಸುತ್ತದೆ ಎಂದು ಲೆಕ್ಕ ಹಾಕಿ ಹೇಳಿದರು. ಸಾಮಾನ್ಯವಾಗಿ ಹೈಡ್ರೋಜನ್ ಪರಮಾಣುಗಳು ಎರಡೆರಡಾಗಿ ಜೋಡಿ ಕಟ್ಟಿಕೊಂಡಿರುತ್ತವೆ, ಎಲೆಕ್ಟ್ರಾನ್‌ಗಳು ಆ ಜೋಡಿಗೆ ಅಂಟಿಕೊಂಡಿರುತ್ತವೆ. ಒತ್ತಡ ಲಕ್ಷಗಟ್ಟಲೆ ಪಟ್ಟು ಏರಿದಾಗ ಪರಮಾಣುಗಳು ಎಷ್ಟು ಹತ್ತಿರ ಬರುತ್ತವೆ ಎಂದರೆ, ಯಾವ ಎಲೆಕ್ಟ್ರಾನ್ ಯಾರದ್ದು ಅನ್ನುವುದೇ ಉಳಿಯುವುದಿಲ್ಲ. ಎಲೆಕ್ಟ್ರಾನ್‌ಗಳು ಎಲ್ಲೆಂದರಲ್ಲಿ ಓಡಾಡುತ್ತವೆ. ವಿದ್ಯುತ್ ಹರಿಯುತ್ತದೆ. ತಾಮ್ರದ ತಂತಿಯಲ್ಲಿ ನಡೆಯುವುದೂ ಅದೇ. 1996ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದವರು ದ್ರವ ಹೈಡ್ರೋಜನ್‌ಗೆ ಭಾರೀ ಆಘಾತ ಕೊಟ್ಟು, ನಮ್ಮ ಗಾಳಿಯ ಸುಮಾರು 14 ಲಕ್ಷ ಪಟ್ಟು ಒತ್ತಡದಲ್ಲಿ ಅದು ಲೋಹದಂತೆ ವಿದ್ಯುತ್ ಹರಿಸುವುದನ್ನು ಅಳೆದರು. ಅದು ನಿಂತದ್ದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಗುರುವಿನೊಳಗೆ ಅಂಥ ಹೈಡ್ರೋಜನ್ ನೂರಾರು ಭೂಮಿಗಳ ತೂಕದಷ್ಟಿದೆ. ಅದು ಗಟ್ಟಿಯಲ್ಲ, ಹರಿಯುವಂಥದ್ದು. ಗುರು ಹತ್ತು ಗಂಟೆಗೂ ಕಡಿಮೆ ಹೊತ್ತಿನಲ್ಲಿ ತನ್ನ ಸುತ್ತ ತಿರುಗುತ್ತದೆ. ವಿದ್ಯುತ್ ಹರಿಸುವ ಇಷ್ಟು ದೊಡ್ಡ ದ್ರವರಾಶಿ ಒಳಗೆ ಕದಡುತ್ತಾ ತಿರುಗುವುದರಿಂದಲೇ ಗುರುವಿಗೆ ಗ್ರಹಗಳಲ್ಲೆಲ್ಲಾ ಬಲವಾದ ಕಾಂತಕ್ಷೇತ್ರ ಇರುವುದು.

ಈ ಬದಲಾವಣೆಯೂ ಒಂದು ನಿರ್ದಿಷ್ಟ ಆಳದಲ್ಲಿ ತಟ್ಟನೆ ಆಗುವುದಿಲ್ಲ. ಇಳಿದಂತೆ ಹೈಡ್ರೋಜನ್ ಸ್ವಲ್ಪ ಸ್ವಲ್ಪವೇ ವಿದ್ಯುತ್ತಿಗೆ ದಾರಿ ಬಿಡತೊಡಗುತ್ತದೆ. ಗುರುವಿನ ಮೇಲೆ ನಾವು ನೋಡುವ ಪಟ್ಟೆಗಳು ವೇಗದ ಗಾಳಿಗಳಲ್ಲವೇ, ಆ ಗಾಳಿಗಳು ಎಷ್ಟು ಆಳದವರೆಗೆ ಇವೆ ಎಂದು ಜೂನೋ ಅಳೆಯಿತು. 2018ರಲ್ಲಿ ಬಂದ ಉತ್ತರ ಸುಮಾರು 3,000 ಕಿಲೋಮೀಟರ್. ಅಲ್ಲಿ ಹೈಡ್ರೋಜನ್ ಇನ್ನೂ ಪೂರ್ತಿ ಲೋಹವಾಗಿಲ್ಲ. ಆದರೆ ವಿದ್ಯುತ್ ಹರಿಸುವಷ್ಟು ಆಗಿದೆ. ಹಾಗಾಗಿ ಕಾಂತಕ್ಷೇತ್ರ ಅದನ್ನು ಹಿಡಿದು ನಿಲ್ಲಿಸುತ್ತದೆ, ಅಲ್ಲಿಂದ ಕೆಳಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ.

ಈಗ ಕಾಣೆಯಾದ ಹೀಲಿಯಂ. ಹೈಡ್ರೋಜನ್ ಲೋಹದಂತಾಗುವ ಆಸುಪಾಸಿನಲ್ಲಿ ಹೀಲಿಯಂ ಅದರೊಳಗೆ ಕರಗಿರಲು ಒಪ್ಪುವುದಿಲ್ಲ. ಬೇರೆಯಾಗಿ ಹನಿ ಕಟ್ಟುತ್ತದೆ. ಹನಿ ಭಾರ, ಆದ್ದರಿಂದ ಕೆಳಗೆ ಬೀಳುತ್ತದೆ. ಗುರುವಿನ ಒಳಗೆ ಹೀಲಿಯಂ ಮಳೆ! ನಿಯಾನ್ ಈ ಹನಿಗಳಲ್ಲಿ ಚೆನ್ನಾಗಿ ಕರಗುತ್ತದೆ, ಆರ್ಗಾನ್ ಕರಗುವುದಿಲ್ಲ. ಹಾಗಾಗಿ ಕೋಟ್ಯಂತರ ವರ್ಷಗಳಿಂದ ಸುರಿಯುತ್ತಿರುವ ಮಳೆ ಮೇಲಿನ ನಿಯಾನನ್ನು ತೊಳೆದುಕೊಂಡು ಹೋಗಿದೆ, ಆರ್ಗಾನ್ ಹಾಗೇ ಉಳಿದಿದೆ. ಮೇಲ್ಪದರದಲ್ಲಿ ಅಳೆದ ಒಂದು ಅಪರೂಪದ ಅನಿಲದ ಕೊರತೆಯಿಂದ, ಹತ್ತು ಸಾವಿರ ಕಿಲೋಮೀಟರ್ ಆಳದ ಮಳೆ ಗೊತ್ತಾಗುತ್ತದೆ. 2021ರಲ್ಲಿ ಪ್ರಯೋಗಾಲಯದಲ್ಲೂ ಇದರ ಪುರಾವೆ ಸಿಕ್ಕಿತು. ಹೈಡ್ರೋಜನ್-ಹೀಲಿಯಂ ಮಿಶ್ರಣವನ್ನು ವಜ್ರಗಳ ನಡುವೆ ಹಿಂಡಿ, ಮೇಲಿಂದ ಬಲವಾದ ಲೇಸರ್ ಹೊಡೆದಾಗ ಅವೆರಡು ಬೇರೆಯಾಗುವುದು ಕಂಡಿತು. ಶನಿಯಲ್ಲಿ ಈ ಮಳೆ ಇನ್ನೂ ಜೋರು. ಶನಿ ಇಷ್ಟು ವರ್ಷಗಳಾದರೂ ಲೆಕ್ಕಕ್ಕಿಂತ ಜಾಸ್ತಿ ಬೆಚ್ಚಗಿರುವುದಕ್ಕೆ, ಬೀಳುವ ಹೀಲಿಯಂ ಬಿಡುವ ಶಾಖವೇ ಮುಖ್ಯ ಕಾರಣ ಎಂದು ಬಹುತೇಕರು ಒಪ್ಪುತ್ತಾರೆ.

ಕೊನೆಯದು ನಡುವಿನ ಕಲ್ಲಿನ ಉಂಡೆ. ನಿಮ್ಮ ಮಗಳು ಕೇಳಿದ ನೆಲ ಎಲ್ಲಾದರೂ ಇರುವುದಾದರೆ ಇಲ್ಲೇ ಇರಬೇಕಿತ್ತು. ಗುರು ಹುಟ್ಟಿದ್ದು ಹೇಗೆ ಎಂಬ ಪ್ರಚಲಿತ ವಿವರಣೆಯೂ ಉಂಡೆಯನ್ನೇ ಕೇಳುತ್ತದೆ. ಸೂರ್ಯ ಹೊಸದಾಗಿ ಹುಟ್ಟಿದ್ದಾಗ ಸುತ್ತ ಅನಿಲ ಮತ್ತು ದೂಳಿನ ಬಿಲ್ಲೆ ಇತ್ತು. ನೀರು ಹೆಪ್ಪುಗಟ್ಟುವಷ್ಟು ದೂರದಲ್ಲಿ ಕಲ್ಲು ಮತ್ತು ಮಂಜು ಸೇರಿ ಸುಮಾರು ಹತ್ತು ಭೂಮಿಗಳಷ್ಟು ತೂಕದ ಗಡ್ಡೆ ಕಟ್ಟಿತು. ಅದರ ಸೆಳೆತಕ್ಕೆ ಸುತ್ತಲಿನ ಹೈಡ್ರೋಜನ್, ಹೀಲಿಯಂ ಬಂದು ಬಿದ್ದವು. ಆ ಅನಿಲ ಚದುರಿ ಹೋಗಲು ಕೆಲವೇ ದಶಲಕ್ಷ ವರ್ಷ ಸಾಕು, ಗುರು ಅಷ್ಟರಲ್ಲಿ ತನ್ನ ಪಾಲು ತೆಗೆದುಕೊಂಡಿತು.

ಜೂನೋ ಗುರುವಿನ ಹತ್ತಿರ ಹಾಯುವಾಗ ಅದರ ರೇಡಿಯೋ ಸಂಕೇತದಲ್ಲಿ ಆಗುವ ಅತಿ ಸಣ್ಣ ಬದಲಾವಣೆಯಿಂದ ಅದರ ವೇಗವನ್ನು ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ ವ್ಯತ್ಯಾಸದವರೆಗೆ ಅಳೆಯಬಹುದು. ಒಳಗೆ ತೂಕ ಹೇಗೆ ಹಂಚಿಕೊಂಡಿದೆ ಎನ್ನುವುದು ಅದರಿಂದ ಗೊತ್ತಾಗುತ್ತದೆ. 2017ರಿಂದ ಬಂದ ಲೆಕ್ಕಗಳಿಗೆ ಚೂಪಾದ ಅಂಚಿನ ಗಟ್ಟಿ ಉಂಡೆ ಹೊಂದುತ್ತಲೇ ಇಲ್ಲ. ಕಲ್ಲು, ಲೋಹ, ನೀರಿನಂಥ ಭಾರದ ವಸ್ತುಗಳು ಹೈಡ್ರೋಜನ್‌ನಲ್ಲಿ ಬೆರೆತು, ಕೇಂದ್ರದಿಂದ ತ್ರಿಜ್ಯದ ಅರ್ಧದ ಹತ್ತಿರದವರೆಗೂ ಹರಡಿರುವಂತಿದೆ. ನಡುವೆ ದಟ್ಟ, ಹೊರಗೆ ಬಂದಂತೆ ತೆಳು. ಅಲ್ಲಿನ ಬಿಸಿ ಹತ್ತಾರು ಸಾವಿರ ಡಿಗ್ರಿಗೆ ಹತ್ತಿರ, ಒತ್ತಡ ಕೋಟಿಗಟ್ಟಲೆ ಪಟ್ಟು. ಆ ಸ್ಥಿತಿಯಲ್ಲಿ ಕಲ್ಲು ಕೂಡ ಲೋಹದಂಥ ಹೈಡ್ರೋಜನ್‌ನಲ್ಲಿ ಕರಗುತ್ತದೆ. ಹುಟ್ಟುವಾಗಲೇ ಹೀಗೆ ಬೆರೆತಿತ್ತೇ, ಆಮೇಲೆ ಕರಗಿತೇ, ಅಥವಾ ಎಳೆಯ ಗುರುವಿಗೆ ಇನ್ನೊಂದು ದೊಡ್ಡ ಗಡ್ಡೆ ಬಂದು ಬಡಿದು ಕದಡಿತೇ ಎಂದು ವಿಜ್ಞಾನಿಗಳು ಈಗಲೂ ವಾದ ಮಾಡುತ್ತಿದ್ದಾರೆ. ಯಾವುದೇ ಇರಲಿ, ಮೂರನೇ ಗೆರೆಯೂ ಹೋಯಿತು.

ಶನಿಯಲ್ಲೂ ಹೀಗೇ. ಅದರ ಒಳಗಿನ ಅಲುಗಾಟ ಸುತ್ತಲಿನ ಉಂಗುರಗಳಲ್ಲಿ ಅಲೆಗಳನ್ನು ಎಬ್ಬಿಸುತ್ತದೆ. ಕಸೀನಿ ನೌಕೆ ದಾಖಲಿಸಿದ ಆ ಅಲೆಗಳನ್ನು ಓದಿ 2021ರಲ್ಲಿ ಹೇಳಿದ್ದು ಏನೆಂದರೆ, ಶನಿಯ ಕದಡಿದ ತಿರುಳು ತ್ರಿಜ್ಯದ ಶೇಕಡ 60ರವರೆಗೆ ಹರಡಿದೆ, ಅದರಲ್ಲಿ ಸುಮಾರು 17 ಭೂಮಿಗಳಷ್ಟು ಕಲ್ಲು ಮತ್ತು ಮಂಜಿನ ವಸ್ತು ಇದೆ. ಯುರೇನಸ್, ನೆಪ್ಚೂನ್‌ಗಳನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅವುಗಳಲ್ಲಿ ಹೈಡ್ರೋಜನ್, ಹೀಲಿಯಂ ಇರುವುದು ಹೊರಗಿನ ಹೊದಿಕೆಯಲ್ಲಿ, ಒಟ್ಟು ತೂಕದ ಸಣ್ಣ ಪಾಲು. ಒಳಗೆ ಹೆಚ್ಚಿರುವುದು ನೀರು, ಅಮೋನಿಯ, ಮೀಥೇನ್ ಮತ್ತು ಕಲ್ಲು ಸೇರಿದ ಬಿಸಿಯಾದ, ದಟ್ಟವಾದ ದ್ರವ.

ಬೆಂಕಿಯ ಪ್ರಶ್ನೆಗೆ ಉತ್ತರ ಚಿಕ್ಕದು. ಹೈಡ್ರೋಜನ್ ಉರಿಯಲು ಆಮ್ಲಜನಕ ಬೇಕು. ಗುರುವಿನಲ್ಲಿ ಬಿಡಿಯಾದ ಆಮ್ಲಜನಕ ಇಲ್ಲ. ಇರುವ ಆಮ್ಲಜನಕ ಆಗಲೇ ಹೈಡ್ರೋಜನ್ ಜೊತೆ ಸೇರಿ ನೀರಾಗಿದೆ, ಮತ್ತು ನೀರು ಅಂದರೆ ಹೈಡ್ರೋಜನ್ ಉರಿದ ಮೇಲೆ ಸಿಗುವ ವಸ್ತುವೇ ಅಲ್ವಾ. ಅಲ್ಲಿ ಕಿಡಿಗಂತೂ ಕೊರತೆ ಇಲ್ಲ. 1979ರಲ್ಲೇ ವಾಯೇಜರ್ 1 ಗುರುವಿನ ರಾತ್ರಿಯ ಭಾಗದಲ್ಲಿ ಮಿಂಚುಗಳನ್ನು ಕಂಡಿತು. 1994ರ ಜುಲೈನಲ್ಲಿ ಶೂಮೇಕರ್-ಲೆವಿ 9 ಧೂಮಕೇತುವಿನ ಇಪ್ಪತ್ತಕ್ಕೂ ಹೆಚ್ಚು ತುಂಡುಗಳು ಸೆಕೆಂಡಿಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ಒಂದಾದ ಮೇಲೆ ಒಂದು ಬಂದು ಬಡಿದವು. ಸಾವಿರಾರು ಡಿಗ್ರಿ ಬಿಸಿಯ ಉಂಡೆಗಳು ಎದ್ದವು, ಭೂಮಿಯಷ್ಟು ಅಗಲದ ಕಪ್ಪು ಕಲೆಗಳು ತಿಂಗಳುಗಟ್ಟಲೆ ಉಳಿದವು. ಹೈಡ್ರೋಜನ್ ಮಾತ್ರ ಹತ್ತಿಕೊಳ್ಳಲಿಲ್ಲ.

ಸೂರ್ಯ ಉರಿಯುವುದು ಬೇರೆಯೇ ಬಗೆ. ಅಲ್ಲಿ ಪರಮಾಣುಗಳ ಬೀಜಗಳೇ ಒಂದಕ್ಕೊಂದು ಬೆಸೆಯುತ್ತವೆ. ಅಷ್ಟು ಬಿಸಿ, ಅಷ್ಟು ಒತ್ತಡ ಕೇಂದ್ರದಲ್ಲಿ ಬರಬೇಕಾದರೆ ಗುರುವಿನ ತೂಕ ಈಗಿನ 75ರಿಂದ 80 ಪಟ್ಟು ಇರಬೇಕಿತ್ತು. ‘ಇನ್ನು ಸ್ವಲ್ಪ’ ಅಂತ ಹೇಳುವ ಹಾಗಿಲ್ಲ. ಹಾಗಂತ ಆಗ ಅದು ಆಕಾಶದಲ್ಲಿ ಭಾರೀ ದೊಡ್ಡದಾಗಿ ಕಾಣುತ್ತಿತ್ತು ಅಂತಲೂ ಅಲ್ಲ. ಈ ಗ್ರಹಗಳಿಗೆ ತೂಕ ಸೇರಿದಂತೆ ಒಳಗಿನ ಹೈಡ್ರೋಜನ್ ಇನ್ನಷ್ಟು ಕುಗ್ಗುತ್ತದೆ. ಗುರು ತೂಕದಲ್ಲಿ ಶನಿಯ ಮೂರು ಪಟ್ಟಿಗಿಂತ ಹೆಚ್ಚು, ಅಗಲದಲ್ಲಿ ಬರೀ ಶೇಕಡ 20ರಷ್ಟು ಜಾಸ್ತಿ. ನಮ್ಮಿಂದ 40 ಬೆಳಕಿನ ವರ್ಷ ದೂರದಲ್ಲಿ ಟ್ರಾಪಿಸ್ಟ್-1 ಎಂಬ ಪುಟ್ಟ ನಕ್ಷತ್ರ ಇದೆ. ಬೀಜಗಳು ಬೆಸೆದು ಉರಿಯುತ್ತಿರುವ ನಿಜವಾದ ನಕ್ಷತ್ರ, ಸುತ್ತ ಏಳು ಗ್ರಹಗಳೂ ಇವೆ. ಅದರ ತೂಕ ಗುರುವಿನ ತೊಂಬತ್ತು ಪಟ್ಟಿಗೂ ಮೇಲೆ. ಅಗಲದಲ್ಲಿ ಅದು ಗುರುವಿಗಿಂತ ಸ್ವಲ್ಪವೇ ದೊಡ್ಡದು.